ಬಟ್ಟಲು ತೊಳೆಯುತ್ತಿದ್ದ ವಿಮಲಮ್ಮ

ನಮ್ಮ ಸಭೆಯಲ್ಲಿ ಬ್ರೆಡ್ಡು, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಅಂಗಡಿಯ ವೈನ್ ತರುವುದಿಲ್ಲ. ಮೆಥೋಡಿಸ್ಟರಿಗೆ ಹೆಂಡ ವರ್ಜ್ಯ. ದೇವರ ಮೇಜಿನ ಮೇಲಿಟ್ಟರೂ ಹೆಂಡ ಹೆಂಡವೇ ಎಂದು ನಮ್ಮ ಹಿಂದಿನವರ ವಾದ. ಆದ್ದರಿಂದ ಕಪ್ಪು ದ್ರಾಕ್ಷಿ ತಂದು ತೊಳೆದು, ಒಂದು ಲೋಟ ನೀರಿಟ್ಟು ಕುದಿಸಿ, ಹಳೇ ಪಂಚೆಯಲ್ಲಿ ಸೋಸಿ, ಹುಳಿ ಬರುವ ಮೊದಲು ಚರ್ಚಿಗೆ ಮುಟ್ಟಿಸಬೇಕು. ದ್ರಾಕ್ಷಿ ಸಿಗದ ತಿಂಗಳಲ್ಲಿ ಒಣದ್ರಾಕ್ಷಿ ನೆನೆಹಾಕಿ ಅರೆಯಬೇಕು. ಬ್ರೆಡ್ಡಿನ ಅಂಚು ತೆಗೆದು ಹುಣಸೆ ಬೀಜದಷ್ಟು ಚೂರು ಮಾಡಬೇಕು. ಇಪ್ಪತ್ನಾಲ್ಕು ಪುಟ್ಟ ಗಾಜಿನ ಬಟ್ಟಲುಗಳನ್ನು ಬಿಸಿನೀರಿನಲ್ಲಿ ತೊಳೆದು ಟ್ರೇಯ ಗುಳಿಗಳಲ್ಲಿ ಕೂರಿಸಬೇಕು. ಭದ್ರಾವತಿಯ ನಮ್ಮ ಸಣ್ಣ ಸಭೆಯಲ್ಲಿ ತಿಂಗಳ ಮೊದಲ ಭಾನುವಾರದ ಈ ಚಾಕರಿಯನ್ನು ಮೂವತ್ತೆಂಟು ವರ್ಷ ಮಾಡಿದವರು ಜನ್ನಾಪುರದ ವಿಮಲಮ್ಮ. ಒಂದು ಸಲವೂ ರಸ ಹುಳಿಯಾಗಿರಲಿಲ್ಲ. ಯಾರೋ ಸಭಾಪಾಲಕರು ಒಮ್ಮೆ ಹೊಗಳಲು ಹೋದಾಗ, “ದ್ರಾಕ್ಷಿ ಚೆನ್ನಾಗಿತ್ತು ಅಯ್ಯನವರೇ, ನಂದೇನಿದೆ ಅದ್ರಲ್ಲಿ” ಅಂದಿದ್ದರು. ಪಾದ್ರಿಯನ್ನು ನಾವು ಅಯ್ಯನವರು ಅನ್ನುತ್ತೇವೆ.

ವಿಮಲಮ್ಮ ಹುಟ್ಟಿನಿಂದ ನಮ್ಮವರಲ್ಲ. ಆಯನೂರಿನ ಆಚೆಯ ಒಂದು ಹಳ್ಳಿಯ ರೈತ ಪುಟ್ಟಯ್ಯನ ಮಗಳು. ಆ ಊರಿನ ಅಕ್ಕಿ ಗಿರಣಿಯಲ್ಲಿ ಏನಾದರೂ ಮುರಿದರೆ ಅಚ್ಚು ಹಾಕಿ ಎರಕ ಹೊಯ್ದು ಕೊಡಲು ಭದ್ರಾವತಿಯಿಂದ ತಿಮೊಥಿ ಹೋಗುತ್ತಿದ್ದ. ತಿಮೊಥಿ ನಮ್ಮ ಸಭೆಯವನು, ಕಬ್ಬಿಣದ ಕಾರ್ಖಾನೆಯಲ್ಲಿ ಮೋಲ್ಡರ್. ಗಿರಣಿ ಅಷ್ಟೊಂದು ಸಲ ಯಾಕೆ ಮುರಿಯುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಕೇಳುವ ಹೊತ್ತಿಗೆ ಇಬ್ಬರೂ ಶಿವಮೊಗ್ಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬಂದಿದ್ದರು. ಆಗ ಆಕೆಗೆ ಇಪ್ಪತ್ತು ವರ್ಷ.

ಪುಟ್ಟಯ್ಯ ಮೂರು ವರ್ಷ ಮಗಳ ಹೆಸರೆತ್ತಲಿಲ್ಲ. ನಾಲ್ಕನೆಯ ವರ್ಷ ಒಂದು ಮೂಟೆ ಅಕ್ಕಿ ಹೊತ್ತುಕೊಂಡು ಜನ್ನಾಪುರಕ್ಕೆ ಬಂದು, ಒಳಗೆ ಬಾರದೆ ಜಗುಲಿಯ ಮೇಲೆ ಕೂತು ಮಾತಾಡಿದರಂತೆ. “ಅವನ ಮನೇಲಿ ಉಣ್ಣು, ಅವನ ದೇವ್ರಿಗೆ ಕೈಮುಗಿ, ಬ್ಯಾಡ ಅನ್ನಲ್ಲ. ಆದ್ರೆ ನಾನಿರೋ ತನಕ ತಲೆ ಮೇಲೆ ಆ ನೀರು ಹಾಕಿಸ್ಕೊಬೇಡ. ಇಷ್ಟು ನಡೆಸ್ಕೊಡು ಮಗಾ.” ವಿಮಲಮ್ಮ ಅಪ್ಪನ ಕೈ ಹಿಡಿದು ಭಾಷೆ ಕೊಟ್ಟರು. ಅಪ್ಪನಿಗೆ ಆಗಲೇ ಅರವತ್ತರ ಹತ್ತಿರ, ಇನ್ನೆಷ್ಟು ದಿನ ಎಂದು ತಿಮೊಥಿಯೂ ಸುಮ್ಮನಾದ. ಪುಟ್ಟಯ್ಯ ತೊಂಬತ್ತೈದರವರೆಗೆ ಬದುಕಿದರು. ತಿಮೊಥಿ ಅವರಿಗಿಂತ ಆರು ವರ್ಷ ಮೊದಲೇ ಹೋದ. ಮಕ್ಕಳಿರಲಿಲ್ಲ.

ಈ ಕಥೆ ನನಗೆ ಗೊತ್ತಾದದ್ದು ತೀರಾ ಈಚೆಗೆ. ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಮ್ಮಲ್ಲಿ ಅಯ್ಯನವರುಗಳು ನಾಲ್ಕೈದು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಾರೆ. ಹೊಸಬರು ಬಂದ ಮೊದಲ ಶನಿವಾರವೇ ಈಯಮ್ಮ ದ್ರಾಕ್ಷಾರಸದ ಸೀಸೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ತಲೆಗೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವುದೇ ದೀಕ್ಷಾಸ್ನಾನ; ಇಂಥವರಿಗೆ ಅದು ಆಗಿದೆಯಾ ಎಂದು ಯಾವ ಪಾದ್ರಿ ಕೇಳುತ್ತಾನೆ? ಹಿಂದಿನವರು ಕೊಟ್ಟಿರುತ್ತಾರೆ ಎಂದು ಇವರು, ಅದರ ಹಿಂದಿನವರು ಕೊಟ್ಟಿರುತ್ತಾರೆ ಎಂದು ಅವರು. ಹೆಸರೂ ಹಾಗೇ ಇತ್ತು. ನಮ್ಮ ಸಭೆಯಲ್ಲೇ ಇನ್ನೂ ಇಬ್ಬರು ವಿಮಲಮ್ಮಂದಿರಿದ್ದರು. ಸ್ತ್ರೀ ಸಮಾಜದಲ್ಲಿ ಕೀರ್ತನೆ ಎತ್ತಿಕೊಡುತ್ತಿದ್ದವರು ಜನ್ನಾಪುರದ ಇವರೇ. ಹೆಂಗಸರು ಯಾರಾದರೂ ತೀರಿಕೊಂಡರೆ ಸ್ನಾನ ಮಾಡಿಸಿ ಬಿಳಿ ಸೀರೆ ಉಡಿಸಲು ಮನೆಯವರು ಕರೆಯುತ್ತಿದ್ದದ್ದು ಇವರನ್ನೇ. ನನ್ನ ತಾಯಿಗೂ ಇವರೇ ಉಡಿಸಿದ್ದು.

ಇನ್ನು ಭೋಜನದ ಮಾತು. ದೀಕ್ಷಾಸ್ನಾನ ಆಗದವರು ಅದನ್ನು ತಗೊಳ್ಳುವಂತಿಲ್ಲ. ನಮ್ಮಲ್ಲಿ ಹನ್ನೆರಡು ಹನ್ನೆರಡು ಜನ ಮುಂದೆ ಹೋಗಿ ದೇವರ ಮೇಜಿನ ಎದುರಿನ ಕಟಕಟೆಯ ಬಳಿ ಮೊಣಕಾಲೂರುತ್ತಾರೆ. ಒಂದು ಸಾಲು ಎದ್ದ ಕೂಡಲೇ ಖಾಲಿ ಬಟ್ಟಲುಗಳನ್ನು ಪಕ್ಕದ ಕೋಣೆಗೆ ಒಯ್ದು, ತೊಳೆದು ಒರೆಸಿ ಮತ್ತೆ ತುಂಬಿಸಿ ತರಬೇಕು. ಆ ಓಡಾಟವೆಲ್ಲ ವಿಮಲಮ್ಮನದು. ಕೊನೆಯ ಸಾಲಾಗಿ, ಸೇವೆ ಮಾಡಿದವರೂ ಬನ್ನಿ ಎಂದು ಅಯ್ಯನವರು ಕರೆಯುವ ಹೊತ್ತಿಗೆ ಅವರು ಟ್ರೇ ಹಿಡಿದು ಕೋಣೆಯೊಳಗೆ ಹೋಗಿರುತ್ತಿದ್ದರು, ನಲ್ಲಿಯ ಸದ್ದು ಕೇಳುತ್ತಿತ್ತು. ಅವರದು ಮೊದಲೇ ಆಗಿರುತ್ತದೆ ಎಂದು ನಾವು ತಿಳಿದೆವು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಅದು.

ನನ್ನ ಪರಿಚಯ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದಕ್ಕೆಲ್ಲ ನಾನೇ ಕಾರಣ. ನಾನು ಸುಂದರರಾಜ್. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಹಾಜರಿ ಬರೆದೆ. ಎರಡು ನಿಮಿಷ ತಡವಾಗಿ ಬಂದವನಿಗೆ ಗೇಟಿನಲ್ಲಿ ಅರ್ಧ ದಿನ ಕತ್ತರಿಸುತ್ತಿದ್ದೆ, ಆ ಬಗ್ಗೆ ಹೆಮ್ಮೆಯೂ ಇತ್ತು. ನಿವೃತ್ತಿಯಾದ ಮೇಲೆ ಸಭೆಯ ಸೆಕ್ರೆಟರಿಯಾದೆ. ದೀಕ್ಷಾಸ್ನಾನ, ಮದುವೆ, ಸಮಾಧಿ, ಮೂರೂ ರಿಜಿಸ್ಟರುಗಳು ನನ್ನ ಕೈಗೆ ಬಂದವು. ಸಮಾಧಿ ಜಾಗ ನಮಗಿರುವುದು ಅರ್ಧ ಎಕರೆ, ಶಿವಮೊಗ್ಗದಿಂದಲೂ ಯಾರು ಯಾರೋ ಹೆಣ ತರಲು ಶುರು ಮಾಡಿದಾಗ ಅದಕ್ಕೊಂದು ನಿಯಮ ಬರೆದವನೂ ನಾನೇ: ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ನಂಬರ್ ಇದ್ದವರಿಗೆ ಮಾತ್ರ ಜಾಗ, ಗಂಡ ಹೆಂಡತಿಗೆ ಅಕ್ಕಪಕ್ಕ, ಇದರಾಚೆ ಏನಿದ್ದರೂ ಕಮಿಟಿಯ ನಿರ್ಣಯವಾಗಬೇಕು. ಗುಂಡಿ ತೋಡುವವನಿಗೆ ನನ್ನ ಸಹಿಯ ಚೀಟಿ ಹೋಗಬೇಕು. ಒಳ್ಳೆಯ ನಿಯಮ ಎಂದು ಎಲ್ಲರೂ ಮೆಚ್ಚಿದ್ದರು.

ಹೋದ ವರ್ಷದ ಹಿಂದಿನ ವರ್ಷ ಚರ್ಚಿನ ಕಟ್ಟಡಕ್ಕೆ ಎಪ್ಪತ್ತೈದು ತುಂಬುವುದಿತ್ತು. ಸ್ಮರಣ ಸಂಚಿಕೆಯಲ್ಲಿ ಹಿರಿಯ ಸದಸ್ಯರ ಪಟ್ಟಿ ಹಾಕೋಣ, ಹೆಸರಿನ ಮುಂದೆ ದೀಕ್ಷಾಸ್ನಾನದ ವರ್ಷ ಇರಲಿ ಎಂದು ನಾನೇ ಸೂಚಿಸಿದೆ. ನವೆಂಬರಿನಲ್ಲಿ ಕೂತು ಬರೆಯುತ್ತಾ ಬಂದರೆ ವಿಮಲಮ್ಮನ ನಂಬರ್ ಸಿಗಲೊಲ್ಲದು. ಮೂರು ಹಳೇ ರಿಜಿಸ್ಟರ್ ತಿರುವಿದೆ. ತಿಮೊಥಿಯ ಸಾಲಿನಲ್ಲಿ ‘ಪತ್ನಿ ವಿಮಲಮ್ಮ’ ಎಂದಿತ್ತು, ಪಕ್ಕದ ಕಾಲಂ ಖಾಲಿ. ಆ ಕಾಲದ ಅಯ್ಯನವರು ಬರೆಯಲು ಮರೆತಿದ್ದಾರೆ, ಎಂಥ ಬೇಜವಾಬ್ದಾರಿ ಎಂದು ಬೈದುಕೊಂಡೆ. ತಾರೀಕು ಕೇಳಿ ತುಂಬಿಸಿಬಿಡೋಣ ಎಂದು ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ.

ಕಾಫಿ ಕೊಟ್ಟರು. ನಾನು ಪೆನ್ನಿನ ಮುಚ್ಚಳ ತೆಗೆದು ತಾರೀಕು ಕೇಳಿದೆ. ಅವರು ಲೋಟ ಒಳಗಿಟ್ಟು ಬಂದರು.

“ಆಗಿಲ್ಲ ಸುಂದರಣ್ಣ” ಅಂದರು ಕೊನೆಗೆ.

“ಏನಾಗಿಲ್ಲ?”

“ದೀಕ್ಷಾಸ್ನಾನ. ಆಗೇ ಇಲ್ಲ ನಂಗೆ.” ಆಮೇಲೆ ಅಪ್ಪನ ಮಾತು, ಜಗುಲಿ, ಭಾಷೆ ಎಲ್ಲವನ್ನೂ ಹೇಳಿದರು.

ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಅಯ್ಯೋ ಪಾಪ ಎಂದಲ್ಲ. ಹಾಗಾದರೆ ನನ್ನ ರಿಜಿಸ್ಟರ್ ಸರಿಯಾಗಿಯೇ ಇದೆ ಎಂದು.

“ಭೋಜನ?” ಎಂದು ಕೇಳಿದೆ.

“ಕುದಿಸೋವಾಗ ರುಚಿ ನೋಡ್ದೆ ಆಗುತ್ತಾ? ಅದು ಅಡುಗೆ. ಮೇಜಿನ ಮೇಲೆ ಹೋದ ಮೇಲೆ ಒಂದ್ ತೊಟ್ಟೂ ಮುಟ್ಟಿಲ್ಲ. ಸುಳ್ಳು ಹೇಳಿ ಮುಟ್ಟೋಕೆ ನಂಗೆ ಧೈರ್ಯ ಬರ್ಲಿಲ್ಲ.”

“ನಿಮ್ಮ ತಂದೆ ಹೋಗಿ ಒಂದೂವರೆ ವರ್ಷ ಆಯ್ತಲ್ಲ. ಇನ್ನೂ ಯಾಕೆ ತಗೊಂಡಿಲ್ಲ?”

“ನಾಚಿಕೆ ಮಾರಾಯ್ರೇ. ನಾನು ಕೀರ್ತನೆ ಹೇಳ್ಕೊಟ್ಟ ಮಕ್ಕಳ ಜೊತೆ ನಿಂತ್ಕೊಂಡು ನೀರು ಹಾಕಿಸ್ಕೊಳ್ಳೋದಾ? ಎಲ್ರೂ ಏನಂತಾರೆ? ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ದಿನ ಹೋಯ್ತು.” ಸೆರಗಿನಿಂದ ಮುಖ ಒರೆಸಿಕೊಂಡರು. “ನಂಗೇನೂ ಬೇಡ ಸುಂದರಣ್ಣ. ನಮ್ಮನೆಯವ್ರ ಪಕ್ಕ ಮಲಗಬೇಕು, ಅಷ್ಟೇ. ಆ ಜಾಗ ನಂಗೇಂತ ಬಿಡಿಸಿಟ್ಟಿದೀರಲ್ಲ, ಅದು ಹೋಗಬಾರ್ದು. ಈಸ್ಟರ್ ಹಬ್ಬಕ್ಕೆ ತಗೊಂಡ್ಬಿಡ್ತೀನಿ. ಅಯ್ಯನವ್ರಿಗೆ ನಾನೇ ಹೇಳ್ತೀನಿ. ಅಲ್ಲೀತನಕ ನಿಮ್ಮ ಹೊಟ್ಟೇಲಿರ್ಲಿ.”

ನಾನು ಹೂಂ ಅಂದೆ. ನಿಜವಾಗಿಯೂ ಮನಸ್ಸಿನಿಂದಲೇ ಅಂದೆ.

ಎರಡು ತಿಂಗಳು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಜನವರಿಯ ಕಮಿಟಿಯಲ್ಲಿ ಸ್ಮರಣ ಸಂಚಿಕೆಯ ಕರಡು ಪಟ್ಟಿ ಓದಿದಾಗ, ಯಾರೋ ತಮ್ಮ ಅಜ್ಜಿಯ ಹೆಸರು ಬಿಟ್ಟುಹೋಗಿದೆ ಎಂದು ಎದ್ದರು. ಇನ್ನೊಬ್ಬರು ನಕ್ಕು, “ಸುಂದರಣ್ಣನ ರಿಜಿಸ್ಟರ್ ತೂತು ಮಡಿಕೆ ಕಣ್ರೀ. ವಿಮಲಮ್ಮನ ನಂಬರ್ರೇ ಇಲ್ಲ ನೋಡಿ! ವಿಮಲಮ್ಮನದೇ ಇಲ್ಲ ಅಂದ್ಮೇಲೆ ಇನ್ಯಾರ್ದಿರುತ್ತೆ?” ಅಂದರು. ಎಲ್ಲರೂ ನಕ್ಕರು. ನನಗೆ ತಲೆಗೇರಿತು. ಮೂವತ್ತೊಂದು ವರ್ಷ ಹಾಜರಿ ಬರೆದವನಿಗೆ ತೂತು ಮಡಿಕೆ ಅಂದರೆ! “ನನ್ನ ರಿಜಿಸ್ಟರ್ ಸರಿಯಾಗೇ ಇದೆ. ಆಗಿದ್ದಿದ್ರೆ ತಾನೇ ಬರೆಯೋದು? ಆಯಮ್ಮಂಗೆ ದೀಕ್ಷಾಸ್ನಾನವೇ ಆಗಿಲ್ಲ, ಹೋಗಿ ಕೇಳಿ!” ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು. ಯಾರೂ ನಗಲಿಲ್ಲ.

ರೆವರೆಂಡ್ ಪ್ರಸನ್ನಕುಮಾರ್ ನಮ್ಮ ಹೊಸ ಅಯ್ಯನವರು, ಕೋಲಾರದ ಕಡೆಯವರು, ಬಂದು ಎಂಟು ತಿಂಗಳಾಗಿತ್ತು. ಒಳ್ಳೆಯ ಹುಡುಗ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಸ್ವಭಾವ. ಅವರು ಎದ್ದು ಕೋಣೆಯ ಬಾಗಿಲು ಹಾಕಿ ಬಂದರು. ಆಗಷ್ಟೇ ಮತಾಂತರದ ಹೊಸ ಕಾಯ್ದೆ ಬಂದಿತ್ತು. ಯಾವ ಊರಿನಲ್ಲಿ ಯಾವ ಪ್ರಾರ್ಥನಾ ಕೂಟಕ್ಕೆ ಪೊಲೀಸ್ ಬಂದರು ಎಂದು ದಿನವೂ ವಾಟ್ಸಾಪಿನಲ್ಲಿ ಓದಿ ಓದಿ ನಮ್ಮವರೆಲ್ಲ ಹೆದರಿಹೋಗಿದ್ದರು. ಹೊರಗಿನ ಹೆಂಗಸನ್ನು ನಲವತ್ತು ವರ್ಷ ಚರ್ಚಿನಲ್ಲಿ ದುಡಿಸಿಕೊಂಡಿದ್ದಾರೆ ಎಂದು ಯಾರಾದರೂ ದೂರು ಕೊಟ್ಟರೆ ಎಂದು ಒಬ್ಬರು. ಅಲ್ಲ, ಇಷ್ಟು ವರ್ಷ ನಾವು ತಗೊಂಡದ್ದು ಭೋಜನವೇ ಹೌದೋ ಅಲ್ಲವೋ ಎಂದು ಇನ್ನೊಬ್ಬರು. ಆಕೆಯ ಕೈಯಿಂದ ತಮ್ಮ ತಾಯಿಯ ಹೆಣಕ್ಕೆ ಸ್ನಾನ ಮಾಡಿಸಿದವರೇ ಈ ಮಾತು ಆಡಿದರು. ಎಲ್ಲ ಸರಿಹೋಗುವವರೆಗೆ ಭೋಜನದ ಕೆಲಸದಿಂದ ವಿಮಲಮ್ಮನನ್ನು ಬಿಡಿಸುವುದೆಂದು ತೀರ್ಮಾನವಾಯಿತು. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತಿಳಿಸಿ ಬರಲು ಸೆಕ್ರೆಟರಿಯನ್ನೇ ಕಳಿಸಿದರು.

ಬಾಗಿಲಲ್ಲೇ ನಿಂತು ಹೇಳಿದೆ. ಒಳಗೆ ದ್ರಾಕ್ಷಿ ಕುದಿಯುವ ವಾಸನೆ ಬರುತ್ತಿತ್ತು, ಫೆಬ್ರವರಿಯ ಮೊದಲ ಭಾನುವಾರಕ್ಕೆ ಎರಡೇ ದಿನ ಉಳಿದಿತ್ತು. ನಾನು ಬಾಯಿ ಬಿಟ್ಟೆನೆಂದು ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

“ಬಟ್ಟಲು ತೊಳೆಯೋಕೂ ಬೇಡ್ವಂತಾ?” ಎಂದು ಕೇಳಿದರು.

ಅಷ್ಟು ದೂರ ಕಮಿಟಿ ಚರ್ಚೆ ಮಾಡಿರಲಿಲ್ಲ. “ಬೇಡ” ಎಂದು ನಾನೇ ಹೇಳಿದೆ. ಒಲೆ ಆರಿಸಲು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ, ನಾನು ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ. ಆ ಭಾನುವಾರ ಶಿವಮೊಗ್ಗದಿಂದ ತಂದ ಬಾಟಲಿಯ ಜ್ಯೂಸ್ ಮೇಜಿಗೆ ಬಂತು. ವಿಮಲಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೊದಲ ಸಾಲು ಕಟಕಟೆಗೆ ಹೋಗುತ್ತಿದ್ದಂತೆ ಎದ್ದು, ಚಪ್ಪಲಿ ಹುಡುಕಿಕೊಂಡು ಹೊರಟುಹೋದರು. ಆಗ ಇಡೀ ಸಭೆ ತಿರುಗಿ ನೋಡಿತು.

ಮಾರನೆಯ ದಿನವೇ ಅವರು ಅಯ್ಯನವರ ಮನೆಗೆ ಹೋಗಿ, ಈಗಲೇ ದೀಕ್ಷಾಸ್ನಾನ ಕೊಡಿ ಎಂದು ಕೇಳಿದರು. ಅಯ್ಯನವರು ನನ್ನನ್ನೂ ಕರೆಸಿ ಕಾಯ್ದೆ ವಿವರಿಸಿದರು. ಧರ್ಮ ಬದಲಾಯಿಸುವವರು ಒಂದು ತಿಂಗಳು ಮೊದಲೇ ಡಿ.ಸಿ. ಕಚೇರಿಗೆ ಬರೆದು ಕೊಡಬೇಕು, ನೀರು ಹಾಕುವವರೂ ಬೇರೆ ಬರೆದು ಕೊಡಬೇಕು. ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಯಾರಾದರೂ ಬೇಡವೆಂದರೆ ವಿಚಾರಣೆಯಾಗುತ್ತದೆ. ತಪ್ಪಿದರೆ ಜೈಲು.

“ನಂಗಿಬ್ಬರು ಸಣ್ಣ ಮಕ್ಕಳಿದಾರಮ್ಮ” ಅಂದರು ಅಯ್ಯನವರು.

“ಗೊತ್ತು ಅಯ್ಯನವರೇ. ಎಲ್ಲಿ ಸಹಿ ಹಾಕ್ಬೇಕು ತೋರ್ಸಿ, ಹಾಕ್ತೀನಿ” ಅಂದರು ವಿಮಲಮ್ಮ.

ಶಿವಮೊಗ್ಗಕ್ಕೆ ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳಲು ಪ್ರಯತ್ನಿಸಿದೆ, ಪ್ರತಿಸಲ ಮಾತು ಕಾರ್ಖಾನೆಯ ಪಿಂಚಣಿಗೋ ಬಿಸಿಲಿಗೋ ತಿರುಗಿತು. ಕಚೇರಿಯಲ್ಲಿ ಗುಮಾಸ್ತೆ ಹುಡುಗಿಯೊಬ್ಬಳು ಅವರಿಗೆ ಕುರ್ಚಿ ಕೊಟ್ಟು ಮರ್ಯಾದೆಯಿಂದ ಮಾತಾಡಿದಳು. “ಅಜ್ಜಿ, ಯಾರಾದ್ರೂ ಒತ್ತಾಯ ಮಾಡಿದಾರಾ?” ಎಂದು ಕೇಳಿದಳು.

“ಒತ್ತಾಯ ಮಾಡಿದ್ರೆ ಇಷ್ಟು ವರ್ಷ ಆಗ್ತಿತ್ತೇನಮ್ಮ?” ಅಂದರು ಇವರು. ಹುಡುಗಿ ನಕ್ಕಳು. ಅರ್ಜಿಯಲ್ಲಿ ತಂದೆಯ ಹೆಸರು, ಹುಟ್ಟಿದ ಊರು ಬರೆಯುವ ಜಾಗವಿತ್ತು. ಅವರು ಸೊಗಸಾದ ಅಕ್ಷರದಲ್ಲಿ ಪುಟ್ಟಯ್ಯ ಎಂದು ಬರೆದರು.

ಅಪ್ಪ ಮಗಳ ಹೆಸರು ಬೋರ್ಡಿಗೆ ಬಿದ್ದ ಮೂರನೆಯ ದಿನ ಗಣೇಶ ಜನ್ನಾಪುರದ ಮನೆಗೆ ಬಂದ. ವಿಮಲಮ್ಮನ ಅಣ್ಣನ ಮಗ, ನಲವತ್ತರ ಹತ್ತಿರದ ಆಳು, ಊರಿನಲ್ಲಿ ಬೇಸಾಯ, ಆಯನೂರಿನಲ್ಲಿ ಗೊಬ್ಬರದ ಅಂಗಡಿ. ನಾನು ಅಲ್ಲೇ ಕೂತಿದ್ದೆ. ನನ್ನನ್ನು ಆತ ಮನುಷ್ಯನೆಂದೇ ಗಣಿಸಲಿಲ್ಲ.

“ಅಜ್ಜ ಸತ್ತು ಎರಡ್ ವರ್ಷ ತುಂಬಿಲ್ಲ ಅತ್ತೆ. ಊರೋರು ಫೋಟೋ ಹೊಡ್ಕೊಂಡು ಬಂದು ತೋರಿಸ್ತಿದಾರೆ, ನಿಮ್ಮತ್ತೆ ಹೆಸರು ಬೋರ್ಡಲ್ಲಿ ನೇತಾಡ್ತಿದೆ ಅಂತ. ಹ್ಯಾಗೆ ಮುಖ ತೋರಿಸ್ಲಿ ನಾನು? ಇಷ್ಟು ವರ್ಷ ಸುಮ್ನಿದ್ದೋರು ಈಗ್ಯಾಕೆ?”

“ನಿಮ್ಮಜ್ಜಂಗೆ ಕೊಟ್ಟ ಮಾತು ನಡೆಸ್ದೆ ಕಣೋ. ಮೂವತ್ತೇಳು ವರ್ಷ. ಇನ್ನು ನಂಗೂ ಸ್ವಲ್ಪ ಬಿಡು ಗಣೇಶ.”

“ಆಗಲ್ಲ ಅತ್ತೆ.” ಅವನ ಕಣ್ಣು ಕೆಂಪಾಗಿತ್ತು. ತಂದಿದ್ದ ತೆಂಗಿನಕಾಯಿ ಚೀಲವನ್ನು ಬಾಗಿಲ ಪಕ್ಕದಲ್ಲಿಟ್ಟು ಹೋದ. ಹೋದವನು ಶಿವಮೊಗ್ಗಕ್ಕೆ ಹೋಗಿ ಆಕ್ಷೇಪಣೆ ಬರೆದುಕೊಟ್ಟ. ಅರ್ಜಿ ವಿಚಾರಣೆಗೆ ಹೋಯಿತು.

ಸಭೆಯಲ್ಲಿ ಎಲ್ಲರಿಗೂ ಒಂದು ಥರ ಸಮಾಧಾನವಾಯಿತು. ಬೈಯಲು ಗಣೇಶ ಸಿಕ್ಕಿದ್ದ. ಅವನು ಅಡ್ಡಗಾಲು ಹಾಕದಿದ್ದರೆ ಇಷ್ಟೊತ್ತಿಗೆ ಎಲ್ಲ ಮುಗಿಯುತ್ತಿತ್ತು ಎಂದು ನಾನೂ ಹತ್ತು ಜನರೆದುರು ಹೇಳಿದೆ. ವಿಮಲಮ್ಮನ ಮನೆಗೆ ಹೋಗುವವರು ಕಡಿಮೆಯಾದರು. ಕೇಸು ಕಚೇರಿ ಎಂದ ಮೇಲೆ ಯಾರಿಗೆ ಬೇಕು? ಸ್ತ್ರೀ ಸಮಾಜದ ಕೂಟವನ್ನು ಅವರ ಮನೆಯಿಂದ ಬೇರೆ ಮನೆಗೆ ಸಾಗಿಸಿದರು. ಅವರಿಗೆ ಸಕ್ಕರೆ ಕಾಯಿಲೆ ಹಳೆಯದು, ಕಾಲಿನ ಗಾಯವೊಂದು ಕೀವಾಗಿದ್ದನ್ನು ಯಾರಿಗೂ ಹೇಳದೆ ಅರಿಶಿನ ಹಚ್ಚಿಕೊಂಡು ಕೂತಿದ್ದರು. ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸದ ನಾಲ್ಕನೆಯ ವಾರ ನನ್ನ ಹೆಂಡತಿ ಹೋಗಿ ನೋಡಿದಾಗ ಮೈ ಕೆಂಡದ ಹಾಗೆ ಸುಡುತ್ತಿತ್ತು. ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ನಂಜು ರಕ್ತಕ್ಕೆ ಏರಿದೆ, ತಡವಾಯಿತು ಎಂದರು ಡಾಕ್ಟರು.

ಗಣೇಶನಿಗೆ ನಾನು ಫೋನ್ ಮಾಡಲಿಲ್ಲ. ಅವನಿಗೆ ಹೇಗೋ ತಿಳಿದು ಅಂದೇ ಬಂದ. ಬಂದವನು ಐದು ದಿನ ಹೋಗಲಿಲ್ಲ. ಔಷಧಿ ತಂದ, ಬೆಡ್‌ಪ್ಯಾನ್ ಎತ್ತಿದ. ನಮ್ಮ ಸಭೆಯವರು ಇಬ್ಬಿಬ್ಬರಂತೆ ಬಂದು, ಅವನನ್ನು ಕಂಡು ಬಾಗಿಲಲ್ಲೇ ಪ್ರಾರ್ಥನೆ ಮುಗಿಸಿ ಹೋಗುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ವಿಮಲಮ್ಮ ನನ್ನನ್ನು ಹತ್ತಿರ ಕರೆದು, “ಅಯ್ಯನವ್ರು” ಅಂದರು. ಫೋನ್ ಮಾಡಿದೆ. ಅಯ್ಯನವರು ಬೈಕಿನಲ್ಲಿ ಓಡೋಡಿ ಬಂದರು. ಸಾಯುವವರಿಗೆ ಮಂಚದ ಮೇಲೆಯೇ ದೀಕ್ಷಾಸ್ನಾನ ಕೊಡುವುದು ಹೊಸದೇನಲ್ಲ, ಒಂದು ಬೊಗಸೆ ನೀರು ಸಾಕು. ಅದು ಅಯ್ಯನವರಿಗೂ ಗೊತ್ತು, ನನಗೂ ಗೊತ್ತು, ಮಂಚದ ಮೇಲಿದ್ದವರಿಗೂ ಗೊತ್ತು. ಮೇಜಿನ ಮೇಲೆ ಸ್ಟೀಲ್ ಲೋಟದಲ್ಲಿ ನೀರಿತ್ತು. ಗಣೇಶ ಒಮ್ಮೆ ಅಯ್ಯನವರ ಮುಖ ನೋಡಿದ, ಒಮ್ಮೆ ಅತ್ತೆಯ ಮುಖ ನೋಡಿದ, “ಟೀ ಕುಡ್ದು ಬರ್ತೀನಿ” ಎಂದು ಎದ್ದು ಹೋದ.

ಅಯ್ಯನವರು ಅವರ ತಲೆಯ ಮೇಲೆ ಕೈಯಿಟ್ಟರು. ಕಣ್ಣು ಮುಚ್ಚಿ ಉದ್ದನೆಯ ಪ್ರಾರ್ಥನೆ ಮಾಡಿದರು, ಗುಣವಾಗಲೆಂದು ಕೇಳಿದರು, ಡಾಕ್ಟರುಗಳನ್ನು ಆಶೀರ್ವದಿಸಲೆಂದು ಕೇಳಿದರು. ವಿಮಲಮ್ಮ ಕಣ್ಣು ಮುಚ್ಚಲಿಲ್ಲ, ಲೋಟವನ್ನೇ ನೋಡುತ್ತಿದ್ದರು. ಆಮೆನ್ ಆಯಿತು. “ಧೈರ್ಯವಾಗಿರಿ ಅಮ್ಮ. ಪರ್ಮಿಷನ್ ಬಂದ ತಕ್ಷಣ ನಾನೇ ಬಂದು ಕೊಡ್ತೀನಿ” ಅಂದರು ಅಯ್ಯನವರು. ನಾನು ಬಾಯಿ ಬಿಡಲಿಲ್ಲ. ಬಿಡಬಾರದ ಕಡೆ ಬಿಟ್ಟ ಬಾಯಿ ಅಲ್ಲಿ ಹೊಲಿದುಹೋಗಿತ್ತು. ವಿಮಲಮ್ಮ ಆಗಲಿ ಎನ್ನುವಂತೆ ತಲೆಯಾಡಿಸಿ ಗೋಡೆಯ ಕಡೆ ಹೊರಳಿದರು. ಅಂದು ಮಧ್ಯಾಹ್ನ ಹನ್ನೆರಡೂವರೆಗೆ ಪ್ರಾಣ ಹೋಯಿತು.

ಆಸ್ಪತ್ರೆಯ ಹಿಂಬಾಗಿಲಲ್ಲಿ ಆಂಬುಲೆನ್ಸ್ ಬಂದು ನಿಂತಿತು. ಹೆಣ ಒಳಗಿಟ್ಟಾಗಿತ್ತು. ಗಣೇಶ ನನ್ನ, ಅಯ್ಯನವರ ಎದುರು ಬಂದು ನಿಂತ. ಜಗಳಕ್ಕೆ ಬಂದನೆಂದು ನಾನು ಸೆಟೆದುಕೊಂಡೆ.

“ಸಾರ್, ಅತ್ತೇನ ಮಾವನ ಪಕ್ಕದಲ್ಲೇ ಮಣ್ಣು ಮಾಡಿ. ನಾನು ಅಡ್ಡ ಬರಲ್ಲ. ಬೇಕಾದ್ರೆ ಬರ್ಕೊಡ್ತೀನಿ” ಅಂದ. “ನಾಲ್ಕ್ ದಿನದಿಂದ ಅದೊಂದೇ ಕೇಳ್ತಿದ್ರು. ಬೆಳಿಗ್ಗೆ ಅದ್ಕೇ ಎದ್ದು ಹೋದೆ ನಾನು, ನಿಮ್ಮ ಶಾಸ್ತ್ರ ಏನಿದೆಯೋ ಮಾಡ್ಕೊಳ್ಳಲಿ ಅಂತ. ಆಯ್ತಲ್ಲ?”

ಅಯ್ಯನವರು ನೆಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಸೆಕ್ರೆಟರಿಯವರೇ, ನಿಯಮ ನಿಮಗೇ ಚೆನ್ನಾಗಿ ಗೊತ್ತು. ನೀವು ಚೀಟಿ ಬರೆದ್ರೆ ಬಂದು ಸಂಸ್ಕಾರ ನಡೆಸ್ತೀನಿ. ಯಾರು ಏನಂದ್ರೂ ನಡೆಸ್ತೀನಿ” ಅಂದರು. ಪಾಪ, ಆ ಮಾತನ್ನು ಹೇಳಲು ಅವರಿಗೆ ಬೆಳಗಿನಿಂದ ಅಷ್ಟೊತ್ತು ಬೇಕಾಗಿತ್ತು.

ಜೇಬಿನಲ್ಲಿ ಪೆನ್ನಿತ್ತು. ಯಾವ ಕಾಗದದ ಮೇಲಾದರೂ ಒಂದು ಸಾಲು ಬರೆದು ಸಹಿ ಹಾಕಿದ್ದರೆ ಗುಂಡಿ ತೋಡುವವನು ಕೇಳುತ್ತಲೇ ಇರಲಿಲ್ಲ. ನನ್ನ ತಲೆಯಲ್ಲಿ ಓಡಿದ್ದು ಏನೆಂದರೆ, ನಾಳೆ ಕಮಿಟಿಯಲ್ಲಿ ಯಾರಾದರೂ ಎದ್ದು, ಸುಂದರಣ್ಣ ತಾನೇ ಬರೆದ ನಿಯಮ ತಾನೇ ಮುರಿದ ಅಂದರೆ?

“ಕಮಿಟಿ ಕರೀಬೇಕಾಗುತ್ತೆ” ಅಂದೆ. “ಸಂಜೆಯೊಳಗೆ ತಿಳಿಸ್ತೀವಿ.”

ಗಣೇಶ ನನ್ನನ್ನೇ ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅಂದ್ರೆ, ಅತ್ತೆ ನಿಮ್ಮೋರಲ್ವಾ ಸಾರ್?”

“ಹಂಗಲ್ಲ. ನಿಯಮ ಅಂತ ಒಂದಿದೆ.”

“ಈ ಬಿಸಿಲಲ್ಲಿ ಸಂಜೆ ತನಕ ಎಲ್ಲಿ ಇಟ್ಕೊಂಡು ಕೂರ್ಲಿ? ಇಲ್ಲೇ ರಸ್ತೇಲಾ?”

ಅವನು ಇನ್ನೂ ಐದು ನಿಮಿಷ ಕಾದ. ಆಮೇಲೆ ಡ್ರೈವರಿಗೆ ಏನೋ ಹೇಳಿ ಮುಂದಿನ ಸೀಟಿನಲ್ಲಿ ಹತ್ತಿ ಕೂತ. ಗಾಡಿ ಭದ್ರಾವತಿಯ ಕಡೆ ತಿರುಗಲಿಲ್ಲ, ಸಾಗರದ ರಸ್ತೆ ಹಿಡಿದು ಆಯನೂರಿನತ್ತ ಹೋಯಿತು.

ಊರಿಗೆ ಬಂದವನೇ ನಾನು ಎಲ್ಲರ ಮನೆಗೂ ಫೋನ್ ಮಾಡಿದೆ. ಐದು ಗಂಟೆಗೆ ಕಮಿಟಿ ಸೇರಿತು. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ನಾನು ವಿಷಯ ಇಟ್ಟೆ. ಯಾರಾದರೂ ವಿರೋಧಿಸುತ್ತಾರೆ ಎಂದು ಕಾದೆ, ವಿರೋಧಿಸಲಿ ಎಂದೇ ಒಳಗೊಳಗೆ ಬೇಡಿಕೊಂಡೆ. ಯಾರೂ ವಿರೋಧಿಸಲಿಲ್ಲ. ಭೋಜನವೇ ಹೌದೋ ಅಲ್ಲವೋ ಎಂದವರೇ ಅಳುತ್ತಾ, “ಇದಕ್ಕೆ ಕಮಿಟಿ ಯಾಕೆ ಬೇಕಿತ್ತು ಸುಂದರಣ್ಣ? ಚೀಟಿ ಬರ್ದು ಕೊಡೋದಲ್ವಾ?” ಅಂದರು. ಐದು ನಿಮಿಷದಲ್ಲಿ ಸರ್ವಾನುಮತದಿಂದ ನಿರ್ಣಯವಾಯಿತು. ಇಬ್ಬರು ಆಗಲೇ ಗುಂಡಿ ತೋಡಿಸಲು ಎದ್ದು ನಿಂತರು.

ನಾನು ಹೊರಗೆ ಬಂದು ಗಣೇಶನಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಎತ್ತಿಕೊಂಡಾಗ ಅವನ ಹಿಂದೆ ಜನರ ಮಾತು, ಸೌದೆ ಒಡೆಯುವಂಥ ಚಟಚಟ ಸದ್ದು ಕೇಳುತ್ತಿತ್ತು.

“ಗಣೇಶ್, ಕಮಿಟಿ ಒಪ್ಪಿದೆ” ಅಂದೆ. “ಕರ್ಕೊಂಡು ಬನ್ನಿ.”

ಆ ಗದ್ದಲದಲ್ಲಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ.

“ಬೆಂಕಿ ಕೊಟ್ಟು ಅರ್ಧ ಗಂಟೆ ಆಯ್ತು ಸಾರ್” ಅಂದ.